ಮುಗಿಲಿಗೆ ಜ್ವರ ಬಂದೈತೇನಪಾ?

ಹೋದ ಜನವರಿಯಾಗ ಒಂದಿನ ರಾತ್ರಿ ಊಟ ಮುಗಿಸಿ ಮಾಳಿಗಿ ಮ್ಯಾಲೆ ನಿಂತು, ಮಿಲ್ಲಿನಿಂದ ಚೀಲದಾಗ ಹಾಕ್ಕೊಂಡು ಬಂದಿದ್ದ ಟೆಂಪರೇಚರ್ ಗನ್ನು ಮುಗಿಲಿಗೆ ಹಿಡಿದು ಬಟನ್ ಒತ್ತಾಕತ್ತಿದ್ದೆ. ಒಣಗಾಕ ಹಾಕಿದ್ದ ಅರಿವಿ ತಗೊಂಡು ಹೋಗಾಕ ಬಂದಿದ್ದ ನಮ್ಮವ್ವ ಒಂದೀಟು ಹೊತ್ತು ನೋಡಿ, "ಯಾಕೋ, ಮುಗಿಲಿಗೆ ಜ್ವರ ಬಂದೈತೇನಪಾ?" ಅಂದ್ಲು. ಆಕಿಗೆ ಆ ಗನ್ ಗೊತ್ತಿರೋದು ಕೊರೋನಾ ಟೈಮಿನಾಗ ಹಣಿಗೆ ಹಿಡಿತಿದ್ರಲ್ಲ, ಅದ. ನಾನು ಸ್ಕ್ರೀನ್ ತೋರಿಸಿದೆ, ಮೈನಸ್ 21 ಅಂತ ಬಂದಿತ್ತು. "ಜ್ವರ ಅಲ್ಲಬೇ, ಮುಗಿಲು ಹೆಪ್ಪುಗಟ್ಟೈತಿ" ಅಂದೆ. ಮೊದಲ ಹುಚ್ಚ ಇದ್ದಿ, ಈಗ ಗನ್ ಬ್ಯಾರೆ ಸಿಕ್ಕೈತಿ ಅನ್ನೋ ಹಂಗ ನೋಡಿ ಕೆಳಗ ಹೋದ್ಲು.

ಈ ಹುಚ್ಚು ಹೆಂಗ ಶುರುವಾತು ಅಂದ್ರ, ಅದು ನನ್ನದೇ ತಪ್ಪಿನಿಂದ. ನಾನು ಗಂಗಾವತಿ ಕಡಿ ಒಂದು ರೈಸ್ ಮಿಲ್ಲಿನಾಗ ಎಲೆಕ್ಟ್ರಿಕಲ್ ಕೆಲಸ ನೋಡ್ಕೊಂತೀನಿ, ಯಾವ ಮಿಲ್ ಅಂತ ಕೇಳಬ್ಯಾಡ್ರಿ. ಸೀಜನ್ನಾಗ ಹಗಲು ರಾತ್ರಿ ಮಷೀನ್ ಓಡ್ತಾವು, ಎಲಿವೇಟರ್, ಪಾಲಿಶರ್, ಡ್ರೈಯರ್ ಬ್ಲೋವರ್ ಎಲ್ಲಾ ಒಟ್ಟಿಗೆ ಲೋಡ್ ಎಳೀತಾವು, ಹಂಗಾಗಿ ಪ್ಯಾನಲ್ ರೂಮಿನಾಗ ಎಲ್ಲಿ ಜಾಯಿಂಟ್ ಲೂಸ್ ಆಗೈತಿ, ಎಲ್ಲಿ ಬಿಸಿ ಆಗಾಕತ್ತೈತಿ ಅಂತ ವಾರಕ್ಕೊಮ್ಮೆ ಗನ್ ಹಿಡಿದು ನೋಡೋದು ನನ್ನ ಡ್ಯೂಟಿ. ಅವತ್ತೂ ನೋಡಿದ್ದೆ. ಅಲ್ಯುಮಿನಿಯಂ ಬಸ್‌ಬಾರಿಗೆ (ಕರೆಂಟ್ ಹಂಚೋ ಲೋಹದ ಪಟ್ಟಿ) ಡ್ರೈಯರ್ ಕೇಬಲ್ಲಿನ ಲಗ್ (ಕೇಬಲ್ ತುದಿಗಿನ ಲೋಹದ ತುಂಡು) ಬೋಲ್ಟ್ ಹಾಕಿ ಬಿಗಿದ ಜಾಗ, ಹೊಳಿಯೋ ಪಟ್ಟಿ, ಗನ್ನು 45 ಡಿಗ್ರಿ ಅಂತ ತೋರಿಸ್ತು. ರೂಮೇ 40 ಇತ್ತು, 45 ಅಂದ್ರ ಏನೂ ಅಲ್ಲ ಅಂತ ರಿಜಿಸ್ಟರಿನಾಗ "ನಾರ್ಮಲ್" ಅಂತ ಬರದು ಸಹಿ ಹಾಕಿ ಮನೀಗೆ ಬಂದೆ. ಎರಡು ದಿನಕ್ಕ ರಾತ್ರಿ ಪಾಳಿಯಾಗ ಆ ಲಗ್ಗು ಸುಟ್ಟು ಕರಕಲಾಗಿ, ಡ್ರೈಯರ್ ತುಂಬ ಹಸಿ ಭತ್ತ ಹಂಗ ನಿಂತು, ಬೆಳಿಗ್ಗಿ ತನಕ ಸಾವ್ಕಾರ್ರು ನನ್ನ ವಂಶಾವಳಿ ಪೂರ್ತಿ ಓದಿದ್ರು.

ಬೈಗುಳದ ನಡುವ ಅವರು ಒಂದು ಮಾತು ಕೇಳಿದ್ರು, ಅದು ಮಾತ್ರ ನನ್ನ ತಲಿಯಾಗ ಕುಂತುಬಿಡ್ತು. "ಪ್ಯಾನಲ್ ರೂಮಿನಾಗ ಐಆರ್ ಕ್ಯಾಮೆರಾ ಹಾಕ್ಸೀನಲ್ಲೋ, ಅದರಾಗರ ಕಾಣಬೇಕಿತ್ತಲ್ಲ ಬಿಸಿ ಆಗಿದ್ದು?" ಅಂದ್ರು. ಅದು ಸಿಸಿಟಿವಿ, ರಾತ್ರಿ ಕತ್ತಲಾಗ ಕಾಣ್ತೈತಲ್ಲ ಅದು. ಅದರ ಡಬ್ಬಿ ಮ್ಯಾಲೆ ಐಆರ್, ಅಂದ್ರ ಇನ್ಫ್ರಾರೆಡ್, ಅಂತ ಬರದಿರೋದು ಖರೇ. ನನ್ನ ಗನ್ನಿನ ಮ್ಯಾಲೂ ಐಆರ್ ಅಂತ ಬರದೈತಿ. ಟಿವಿ ರಿಮೋಟಿನಾಗ ಇರೋದೂ ಐಆರ್. ಎಲ್ಲಾ ಒಂದ ಆದ್ರ ಸಿಸಿಟಿವಿಗೆ ಬಿಸಿ ಯಾಕ ಕಾಣಲಿಲ್ಲ, ನನ್ನ ಗನ್ನು ಯಾಕ ಸುಳ್ಳು ಹೇಳ್ತು? ನನ್ನ ಹತ್ರ ಉತ್ತರ ಇರಲಿಲ್ಲ, ಡಿಪ್ಲೊಮಾ ಮಾಡೀನಿ ಅಂತ ಹೇಳ್ಕೊಳ್ಳಾಕೂ ನಾಚಿಕಿ ಆತು.

ಆಮ್ಯಾಲೆ ಕುಂತು ಓದಿದೆ. ಓದಿದ್ದು ನನಗ ತಿಳಿದ ಹಂಗ ಹೇಳ್ತೀನಿ.

ಮೊದಲು ಈ ಐಆರ್ ಸಿಕ್ಕಿದ್ದ ಕಥಿ ಛಲೋ ಐತಿ. ವಿಲಿಯಂ ಹರ್ಷೆಲ್ ಅಂತ, ಇಂಗ್ಲೆಂಡಿನಾಗ ಇದ್ದ ಜರ್ಮನ್ ಮನಷ್ಯಾ, ಮೊದಲಿಗೆ ಸಂಗೀತಗಾರ, ಚರ್ಚಿನಾಗ ಆರ್ಗನ್ ನುಡಿಸ್ತಿದ್ದ. ದುರ್ಬೀನು ಕಟ್ಟೋ ಹುಚ್ಚು ಹಿಡಿದು 1781ರಾಗ ಯುರೇನಸ್ ಗ್ರಹ ಕಂಡುಹಿಡಿದ. ಸೂರ್ಯನ್ನ ನೋಡಾಕ ಬಣ್ಣದ ಗಾಜು ಹಾಕ್ಕೊಂತಿದ್ದ, ಒಂದೊಂದು ಬಣ್ಣದ ಗಾಜಿನಾಗ ಕಣ್ಣಿಗೆ ಒಂದೊಂದು ನಮೂನಿ ಬಿಸಿ ತಾಕ್ತಿತ್ತು. ಯಾವ ಬಣ್ಣದಾಗ ಎಷ್ಟು ಬಿಸಿ ಐತಿ ನೋಡೋಣ ಅಂತ 1800ರಾಗ ಬಿಸಿಲನ್ನ ಪ್ರಿಸಂನಾಗ ಹಾಯಿಸಿ, ಟೇಬಲ್ ಮ್ಯಾಲೆ ಬಿದ್ದ ಬಣ್ಣದ ಪಟ್ಟಿಯಾಗ ಥರ್ಮಾಮೀಟರ್ ಇಟ್ಕೊಂತ ಹೋದ, ಬುಡ್ಡಿಗೆ ಕರಿ ಬಣ್ಣ ಬಳಿದಿದ್ದ. ನೇರಳೆಯಿಂದ ಕೆಂಪಿನ ಕಡಿ ಬಂದಂಗ ಬಿಸಿ ಏರ್ತಾ ಹೋತು. ಕೆಂಪು ಮುಗಿದು ಏನೂ ಬೆಳಕು ಇಲ್ಲದ ಜಾಗಕ್ಕ ಇಟ್ರ ಇನ್ನೂ ಏರ್ತು! ಕಣ್ಣಿಗೆ ಕಾಣಲ್ಲ, ಆದ್ರ ಏನೋ ಬರಾಕತ್ತೈತಿ ಅಂತ ಅಲ್ಲಿಗೆ ಗೊತ್ತಾತು. ಇಲ್ಲೊಂದು ಮಜಾ ಐತಿ, ಬಿಸಿಲಿನ ಜೋರು ಇರೋದು ಕಾಣೋ ಬೆಳಕಿನಾಗ, ಅಲೆಯ ಉದ್ದ ಸುಮಾರು 0.5 ಮೈಕ್ರಾನ್ (ಮೈಕ್ರಾನ್ ಅಂದ್ರ ಮಿಲಿಮೀಟರಿನ ಸಾವಿರದಾಗ ಒಂದು ಪಾಲು) ಇರೋ ಹತ್ರ. ಕೆಂಪಿನ ಆಚಿ ಹೆಚ್ಚು ಬಿಸಿ ತೋರಿಸಿದ್ದು ಯಾಕಂದ್ರ ಗಾಜಿನ ಪ್ರಿಸಂ ಆ ಕಡಿ ಅಲೆಗಳನ್ನ ಒತ್ತೊತ್ತಾಗಿ ಒಂದ ಜಾಗಕ್ಕ ತುರುಕ್ತೈತಿ, ನೇರಳೆ ಕಡೀವು ಅಗಲಕ್ಕ ಹರವ್ತೈತಿ. ಅಂದ್ರ ಅವನ ಥರ್ಮಾಮೀಟರ್ ಹೇಳಿದ್ದು ಪೂರ್ತಿ ಖರೇನೂ ಅಲ್ಲ, ಆದ್ರ ಕಂಡುಹಿಡಿದಿದ್ದು ಮಾತ್ರ ಖರೇ. ಇದನ್ನ ಓದಿದ ಮ್ಯಾಲೆ ನನ್ನ 45 ಡಿಗ್ರಿ ಬಗ್ಗೆ ಸ್ವಲ್ಪ ಸಮಾಧಾನ ಆತು.

ಕನ್ನಡದಾಗ ಈ ಐಆರಿಗೆ ಕೆಲವರು ಅವಕೆಂಪು ಅಂತಾರ, ಕೆಲವರು ಅತಿಗೆಂಪು ಅಂತಾರ. ನನಗ ಅವಕೆಂಪು ಸರಿ ಅನಸ್ತೈತಿ, ಅತಿಗೆಂಪು ಅಂದ್ರ ಬ್ಯಾಡಗಿ ಮೆಣಸಿನಕಾಯಿ ರಾಶಿ ಕಣ್ಮುಂದ ಬರ್ತೈತಿ, ಇದು ನೋಡಿದ್ರ ಕೆಂಪೇ ಅಲ್ಲ, ಕೆಂಪಿಗಿಂತ ಕೆಳಗಿನ ಮೆಟ್ಟಲು.

ಈಗ ಮುಖ್ಯ ಮಾತು. ಬಿಸಿ ಇರೋ ಪ್ರತಿಯೊಂದು ವಸ್ತು, ಬಿಸಿ ಅಂದ್ರ ಸುಡೋ ಅಂಥ ಬಿಸಿ ಅಲ್ಲ, ಸೊನ್ನೆ ಕೆಲ್ವಿನ್ ಅಂದ್ರ ಮೈನಸ್ 273ಕ್ಕಿಂತ ಒಂದೀಟು ಮ್ಯಾಲಿದ್ರೂ ಸಾಕು, ಬೆಳಕು ಚೆಲ್ತಾ ಇರ್ತೈತಿ. ಗ್ವಾಡಿ, ಎಮ್ಮಿ, ಭತ್ತದ ಚೀಲ, ನೀವು, ನಾನು, ಎಲ್ಲಾ. ಎಷ್ಟು ಬಿಸಿನೋ ಅದರ ಮ್ಯಾಲೆ ಆ ಬೆಳಕಿನ ತರಂಗಾಂತರ, ಅಂದ್ರ ಅಲೆಯ ಉದ್ದ, ನಿಂತಿರ್ತೈತಿ. ಲೆಕ್ಕ ಭಾಳ ಸರಳ, 2898ನ್ನ ಕೆಲ್ವಿನ್ನಿಂದ ಭಾಗಿಸ್ರಿ, ಯಾವ ಮೈಕ್ರಾನಿನಾಗ ಜೋರು ಐತಿ ಅಂತ ಬರ್ತೈತಿ, ಇದಕ್ಕ ವೀನ್ ನಿಯಮ ಅಂತಾರ. ನಮ್ಮ ಚರ್ಮ 34 ಡಿಗ್ರಿ, ಅಂದ್ರ 307 ಕೆಲ್ವಿನ್, ಭಾಗಿಸಿದ್ರ 9.4 ಮೈಕ್ರಾನ್. ಬ್ಯಾಸಿಗಿ ಸಂಜಿಮುಂದ ಅಂಜನಾದ್ರಿಯಿಂದ ಇಳಿಯೋವಾಗ ಬಾಜೂಕಿನ ಬಂಡಿಗಲ್ಲು ಮುಟ್ಟದ ಇದ್ರೂ ಮಾರಿಗೆ ಧಗ್ ಅಂತ ಹೊಡೀತಾವಲ್ಲ, ಗಾಳಿ ತಣ್ಣಗಿದ್ರೂ ಹೊಡೀತಾವು, ಆ ಕಲ್ಲು 50 ಡಿಗ್ರಿ ಇದ್ರ 9 ಮೈಕ್ರಾನ್, ಒಂದು ಚದರ ಮೀಟರ್ ಕಲ್ಲಿನಿಂದ 600 ವ್ಯಾಟ್ ಹತ್ರ ಬರ್ತಿರ್ತೈತಿ. ತೋರಣಗಲ್ಲು ಕಡಿ ಉಕ್ಕಿನ ಕೆಲಸಕ್ಕ ಹೋಗೋ ನಮ್ಮ ದೋಸ್ತ ಹೇಳೋ ಕರಗಿದ ಕಬ್ಬಿಣ 1500 ಡಿಗ್ರಿ, ಅದು 1.6 ಮೈಕ್ರಾನ್. ಸೂರ್ಯ 5800 ಕೆಲ್ವಿನ್ ಹತ್ರ, 0.5 ಮೈಕ್ರಾನ್. ಬಿಸಿ ಏರಿದಂಗ ಅಲೆ ಸಣ್ಣದಾಕ್ಕೊಂತ ಹೋಗ್ತೈತಿ, ಸುಮಾರು 525 ಡಿಗ್ರಿ ದಾಟಿದ್ರ ತುದಿ ನಮ್ಮ ಕಣ್ಣಿಗೆ ಸಿಗಾಕ ಶುರು ಆಗ್ತೈತಿ, ಅದನ್ನ ನಾವು ಕಬ್ಬಿಣ ಕೆಂಪಗಾತು ಅಂತೀವಿ.

ನಮ್ಮ ಕಣ್ಣಿಗೆ ಕಾಣೋದು 0.38ರಿಂದ 0.75 ಮೈಕ್ರಾನ್ ತನಕ, ಅಷ್ಟ. ಅವಕೆಂಪು ಅಲ್ಲಿಂದ ಶುರು ಆಗಿ 1000 ಮೈಕ್ರಾನ್, ಅಂದ್ರ ಒಂದು ಮಿಲಿಮೀಟರ್ ತನಕ ಹೋಗ್ತೈತಿ. ಇಷ್ಟುದ್ದ ಸೀಮಿಗೆ ಒಂದ ಹೆಸರು ಇಟ್ರ ಸಾವ್ಕಾರ್ರಿಗಷ್ಟ ಅಲ್ಲ, ಯಾರಿಗಾದ್ರೂ ಗೊಂದಲ ಆಗ್ತೈತಿ. ಅದಕ್ಕ ಪಾಲು ಮಾಡ್ಯಾರ, ಆದ್ರ ಪಾಲು ಮಾಡಿದವರು ಒಬ್ಬರಲ್ಲ. ದೀಪ, ಬಣ್ಣದ ಲೆಕ್ಕ ನೋಡೋ ಸಿಐಇ ಅನ್ನೋ ಸಂಸ್ಥೆಯವ್ರು 1.4 ಮೈಕ್ರಾನ್ ತನಕ ಐಆರ್-ಎ, 3ರ ತನಕ ಐಆರ್-ಬಿ, ಉಳಿದಿದ್ದೆಲ್ಲಾ ಐಆರ್-ಸಿ ಅಂತಾರ. ಐಎಸ್ಒ ಸ್ಟ್ಯಾಂಡರ್ಡ್ ಪ್ರಕಾರ 3ರ ತನಕ ಸಮೀಪದ್ದು, 50ರ ತನಕ ನಡುವಿಂದು, ಆಮ್ಯಾಲಿಂದು ದೂರದ್ದು. ನಕ್ಷತ್ರ ನೋಡೋರದು ಮತ್ತೊಂದು ಲೆಕ್ಕ, ಅವರು 5ರ ತನಕನೂ ಸಮೀಪನ ಅಂತಾರ. ಕ್ಯಾಮೆರಾ ಮಾಡೋರು ಇವೆಲ್ಲಾ ಬಿಟ್ಟು ನಿಯರ್, ಶಾರ್ಟ್, ಮಿಡ್, ಲಾಂಗ್ ಅಂತ ಬ್ಯಾರೆ ತುಂಡು ಮಾಡ್ಯಾರ.

ಮೊದಲು ಓದಿದಾಗ ತಲಿ ಕೆಡ್ತು. ಆಮ್ಯಾಲೆ ನಮ್ಮ ಊರಿನ ಲೆಕ್ಕ ಹಾಕ್ಕೊಂಡ್ರ ತಿಳೀತು. ನಮ್ಮಪ್ಪನ ಸಾಲಿ ಸರ್ಟಿಫಿಕೇಟಿನಾಗ ಜಿಲ್ಲಾ ರಾಯಚೂರು ಅಂತ ಐತಿ, ನನ್ನದರಾಗ ಕೊಪ್ಪಳ, ಊರು ಒಂದ, ಮನೀನೂ ಒಂದ. 1997ರಾಗ ಜಿಲ್ಲಾ ಒಡದ್ರು, ಗೆರಿ ಕಾಗದದ ಮ್ಯಾಲೆ ಸರೀತು, ಬಂಡಿಗಲ್ಲು ಸರೀಲಿಲ್ಲ. ಹಂಪಿ ಬಳ್ಳಾರಿಯಾಗ ಇತ್ತು, 2021ರಾಗ ವಿಜಯನಗರ ಜಿಲ್ಲಾ ಆತು. ಆದ್ರ ಆನೆಗೊಂದಿಗೂ ಹಂಪಿಗೂ ನಡುವ ತುಂಗಭದ್ರಾ ಐತಲ್ಲ, ಅದು ಯಾವ ಆಫೀಸಿನವರು ಎಳೆದ ಗೆರಿ ಅಲ್ಲ, ತೆಪ್ಪ ಇಲ್ಲದ ದಾಟಾಕ ಆಗ್ತಿರಲಿಲ್ಲ. ಅವಕೆಂಪಿನಾಗೂ ಹಂಗ, ಕೆಲವು ಗೆರಿ ಆಫೀಸಿನವು, ಕೆಲವು ಹೊಳಿ.

ಮೊದಲನೇ ಹೊಳಿ ಗಾಜು. ಕಿಟಕಿ ಗಾಜು ಕಾಣೋ ಬೆಳಕನ್ನ ಬಿಡ್ತೈತಿ, ಸಣ್ಣ ಅವಕೆಂಪನ್ನೂ ಬಿಡ್ತೈತಿ, 3 ಮೈಕ್ರಾನ್ ದಾಟಿದ ಮ್ಯಾಲೆ ಕಮ್ಮಿ ಮಾಡ್ಕೊಂತ ಹೋಗಿ 5ರ ಹೊತ್ತಿಗೆ ಪೂರ್ತಿ ಬಾಗಿಲು ಹಾಕ್ತೈತಿ. ಬಿಸಿಯನ್ನ ಚಿತ್ರ ಮಾಡಿ ತೋರಿಸೋ ಥರ್ಮಲ್ ಕ್ಯಾಮೆರಾ ಹಿಡಿದು ಗಾಜಿನ ಆಚಿ ನೋಡಿದ್ರ ಆಚಿ ಇರೋರು ಕಾಣಲ್ಲ, ಗಾಜಿನಾಗ ನಿಮ್ಮ ಮಾರೀನ ಮಸುಕಾಗಿ ಕಾಣ್ತೈತಿ. ಅದಕ್ಕ ಆ ಕ್ಯಾಮೆರಾಕ್ಕ ಗಾಜಿನ ಲೆನ್ಸ್ ನಡೆಯಲ್ಲ, ಜರ್ಮೇನಿಯಂ ಹಾಕ್ತಾರ, ನೋಡಾಕ ಸ್ಟೀಲ್ ಬಿಲ್ಲಿ ಇದ್ದಂಗ ಇರ್ತೈತಿ, ರೇಟೂ ಹಂಗ ಐತಿ. ಉಲ್ಟಾ, ತೆಳ್ಳನೆ ಕರಿ ಪ್ಲಾಸ್ಟಿಕ್ ಚೀಲದಾಗ ಕೈ ಹಾಕಿ ನೋಡಿದ್ರ ಕಣ್ಣಿಗೆ ಕೈ ಕಾಣಲ್ಲ, ಥರ್ಮಲ್ ಕ್ಯಾಮೆರಾಕ್ಕ ಐದೂ ಬೆರಳು ಕಾಣ್ತಾವು!

ಎರಡನೇ ಹೊಳಿ ಗಾಳಿಯಾಗಿನ ನೀರಿನ ಆವಿ. 5ರಿಂದ 8 ಮೈಕ್ರಾನ್ ನಡುವ, ಅದರಾಗೂ 6.3ರ ಹತ್ರ, ನೀರಿನ ಆವಿ ಬಂದದ್ದೆಲ್ಲಾ ನುಂಗಿಬಿಡ್ತೈತಿ, ಸ್ವಲ್ಪ ದೂರದಾಗ ಏನೂ ಉಳಿಯಲ್ಲ. ಈಚಿ ದಂಡಿ 3ರಿಂದ 5, ಆಚಿ ದಂಡಿ 8ರಿಂದ 14, ಇವೆರಡೂ ಗಾಳಿಯಾಗ ತೆರೆದ ಕಿಟಕಿ ಇದ್ದಂಗ. ಈಚಿ ದಂಡಿಯಾಗೂ 4.3ರ ಹತ್ರ ಕಾರ್ಬನ್ ಡೈಆಕ್ಸೈಡ್ ಒಂದು ಗೂಟ ಹೊಡಕೊಂಡು ಕುಂತೈತಿ. 14ರ ಆಚಿಗೆ 15ರ ಹತ್ರ ಮತ್ತ ಅದ ಕಾರ್ಬನ್ ಡೈಆಕ್ಸೈಡ್ ಅಡ್ಡ ಬರ್ತೈತಿ, ಭೂಮಿ ಬಿಸಿ ಆಗಾಕತ್ತೈತಿ ಅಂತಾರಲ್ಲ, ಅದರ ದೊಡ್ಡ ಪಾಲಿನ ಗುಟ್ಟು ಈ 15ರ ಹತ್ರ ಐತಿ. ಹವಾಮಾನದ ಇನ್ಸಾಟ್-3ಡಿ ಸರಣಿ ಉಪಗ್ರಹಗಳು ಈ ಕಿಟಕಿ, ಈ ಹೊಳಿ ಎರಡನ್ನೂ ಬಳಸ್ಕೊಂತಾವು, 10.8 ಮತ್ತ 12 ಮೈಕ್ರಾನ್ ಕಿಟಕಿಯಾಗ ಮೋಡದ ನೆತ್ತಿ ಎಷ್ಟು ತಣ್ಣಗೈತಿ ನೋಡ್ತಾವು, 7ರ ಹತ್ರದ ಹೊಳಿಯಾಗ ಮ್ಯಾಲೆ ಎಷ್ಟು ಆವಿ ಐತಿ ನೋಡ್ತಾವು. ರಾತ್ರೀನೂ ಮೋಡದ ಫೋಟೋ ಬರೋದು ಅದಕ್ಕ.

ಈಗ ಸಾವ್ಕಾರ್ರ ಪ್ರಶ್ನೆಗೆ ಉತ್ತರ ಸಿಗ್ತು. ಸಿಸಿಟಿವಿ ಇರೋದು ಕಾಣೋ ಬೆಳಕಿನ ಬಾಜೂಕ, 0.85 ಮೈಕ್ರಾನ್. ಅದರ ಸುತ್ತ ಇರೋ ಸಣ್ಣ ಎಲ್ಇಡಿ ಆ ಬೆಳಕು ಚೆಲ್ತಾವು, ಕತ್ತಲಾಗ ಮಂದ ಕೆಂಪು ಕಾಣ್ತಾವಲ್ಲ ಅವ, ಅದು ವಸ್ತುವಿಗೆ ಬಡಿದು ವಾಪಸ್ ಬಂದದ್ದನ್ನ ಕ್ಯಾಮೆರಾ ಹಿಡಿತೈತಿ. ಅಂದ್ರ ಅದು ಬ್ಯಾಟರಿ ಹಾಕಿ ನೋಡಿದಂಗ, ಬ್ಯಾಟರಿ ಬೆಳಕು ನಮಗ ಹೆಚ್ಚೂಕಮ್ಮಿ ಕಾಣಲ್ಲ ಅಷ್ಟ. ಸುಡೋ ಲಗ್ಗು ತಾನ ಚೆಲ್ಲೋದು 8 ಮೈಕ್ರಾನ್ ಹತ್ರ, ಅದು ಆ ಕ್ಯಾಮೆರಾದ ಊರಿನ ಬೆಳಕೇ ಅಲ್ಲ. ರಿಮೋಟ್ 0.94 ಮೈಕ್ರಾನ್, ಫೋನಿನ ಸೆಲ್ಫಿ ಕ್ಯಾಮೆರಾಕ್ಕ ಹಿಡಿದು ಬಟನ್ ಒತ್ತಿ ನೋಡ್ರಿ, ಭಾಳ ಫೋನಿನಾಗ ನೇರಳೆ ಬಣ್ಣದಾಗ ಮಿಣಕ್ ಮಿಣಕ್ ಅಂತೈತಿ, ರಿಮೋಟ್ ಸೆಲ್ ಹೋಗೈತೋ ಇಲ್ಲೋ ಅಂತ ನಾನು ಹಿಂಗ ನೋಡೋದು. ಆಸ್ಪತ್ರ್ಯಾಗ ಬೆರಳಿಗೆ ಹಾಕೋ ಕ್ಲಿಪ್ಪೂ ಒಂದು ಕೆಂಪು ಒಂದು ಅವಕೆಂಪು ಬೆಳಕು ಬಿಟ್ಟು ರಕ್ತದಾಗಿನ ಆಕ್ಸಿಜನ್ ಲೆಕ್ಕ ಹಾಕ್ತೈತಿ. ಹಸಿರು ಎಲಿ ಈ ಸಮೀಪದ ಅವಕೆಂಪನ್ನ ಭಾಳ ಜೋರಾಗಿ ವಾಪಸ್ ಒಗೀತೈತಿ, ನಮಗ ಆ ಕಣ್ಣು ಇದ್ದಿದ್ರ ಸಿಂಧನೂರು ಕಾಲುವಿ ಕೆಳಗಿನ ಭತ್ತದ ಗದ್ದಿ ಹಸಿರಲ್ಲ, ಕಣ್ಣು ಕುಕ್ಕೋ ಹಂಗ ಹೊಳೀತಿದ್ವು. ಬೆಳಿ ಸೊರಗಿದ್ರ ಆ ಹೊಳಪು ಕಮ್ಮಿ ಆಗ್ತೈತಿ, ಉಪಗ್ರಹ ಮ್ಯಾಲಿಂದ ಬೆಳಿ ಲೆಕ್ಕ ಹಾಕೋದು ಹಿಂಗ. ಮನೀಗೆ ಬರೋ ಫೈಬರ್ ಇಂಟರ್ನೆಟ್ಟು 1.31, 1.49 ಮೈಕ್ರಾನಿನ ಬೆಳಕು, ಕಾಣಲ್ಲ ಅಂತ ಕಿತ್ತ ಕೇಬಲ್ ತುದಿಗೆ ಕಣ್ಣು ಹಚ್ಚಬ್ಯಾಡ್ರಿ ಮಾರಾಯ್ರಾ, ಲೇಸರ್ ಅದು.

ದೂರದ ಅವಕೆಂಪಿಗೆ ನಮ್ಮ ಕಡಿ ಏನೂ ಕೆಲಸ ಇಲ್ಲ, ಅದು ಆಕಾಶದಾಗಿನ ತಣ್ಣನೆ ಧೂಳಿಂದು. ಯುರೋಪಿನವರು 2009ರಾಗ ಒಂದು ದುರ್ಬೀನು ಬಿಟ್ಟಿದ್ರು, 55ರಿಂದ 672 ಮೈಕ್ರಾನ್ ನೋಡ್ತಿತ್ತು, ತಣ್ಣಗ ಇಡೋ ಹೀಲಿಯಂ 2013ರಾಗ ಮುಗೀತು. ಅದಕ್ಕ ಹರ್ಷೆಲ್ ಅಂತ ಹೆಸರಿಟ್ಟಿದ್ರು.

ಇನ್ನು ನನ್ನ ಗನ್ನಿನ ಸುಳ್ಳು. ಗನ್ನು 8ರಿಂದ 14 ಮೈಕ್ರಾನ್ ಹಿಡಿತೈತಿ, ಅದರಾಗಿನ ಕೆಂಪು ಚುಕ್ಕಿ ಬರೇ ಗುರಿ ತೋರಿಸಾಕ, ಬಿಸಿ ಅಳಿಯೋದಕ್ಕೂ ಅದಕ್ಕೂ ಸಂಬಂಧ ಇಲ್ಲ. ಕೊರೋನಾದಾಗ ಈ ಗನ್ನು ಮಿದುಳಿಗೆ ಏನೋ ಬಿಡ್ತೈತಿ ಅಂತ ವಾಟ್ಸಾಪಿನಾಗ ಬಂದಿತ್ತಲ್ಲ, ಅದು ಏನೂ ಬಿಡಲ್ಲ, ನಮ್ಮ ಹಣಿಯಿಂದ ಬರೋದನ್ನ ಇಸ್ಕೊಂತೈತಿ ಅಷ್ಟ. ಆದ್ರ ಎಲ್ಲಾ ವಸ್ತು ಒಂದ ನಮೂನಿ ಚೆಲ್ಲಲ್ಲ. ಎಷ್ಟು ಚೆಲ್ತೈತಿ ಅನ್ನೋ ಲೆಕ್ಕಕ್ಕ ಎಮಿಸಿವಿಟಿ ಅಂತಾರ, ಪೂರ್ತಿ ಚೆಲ್ಲಿದ್ರ 1. ಚರ್ಮ 0.98, ಯಾವ ಬಣ್ಣದ ಚರ್ಮ ಆದ್ರೂ ಅಷ್ಟ, ಸಿಮೆಂಟ್, ಇಟ್ಟಂಗಿ, ಸುಣ್ಣ ಎಲ್ಲಾ 0.9ರ ಮ್ಯಾಲೆ. ಹೊಳಿಯೋ ಅಲ್ಯುಮಿನಿಯಂ 0.1 ಬಂದ್ರ ಹೆಚ್ಚು. ಉಳಿದ 0.9 ಏನು? ಕನ್ನಡಿ. ನಾನು ಬಸ್‌ಬಾರಿಗೆ ಗನ್ ಹಿಡಿದಾಗ ಅದು ನೋಡಿದ್ದು ಬಸ್‌ಬಾರನ್ನಲ್ಲ, ಅದರಾಗ ಬಿದ್ದ ರೂಮಿನ ಗ್ವಾಡಿ ಮತ್ತ ನನ್ನ ಮಾರಿ!

ಹೊಸಾ ಲಗ್ ಹಾಕಿದ ಮ್ಯಾಲೆ ಪಕ್ಕದ ಇನ್ನೊಂದು ಜಾಯಿಂಟಿನ ಮ್ಯಾಲೂ ಡೌಟ್ ಬಂತು. ಮೇನ್ ಆಫ್ ಮಾಡಿ, ಟೆಸ್ಟರ್ ಹಿಡಿದು ಎರಡು ಸಲ ನೋಡಿ, ಲಗ್ಗಿನ ಪಕ್ಕ ಪಟ್ಟಿ ಮ್ಯಾಲೆ ಬೆರಳಗಲ ಕರಿ ಇನ್ಸುಲೇಷನ್ ಟೇಪ್ ಅಂಟಿಸಿದೆ, ಮತ್ತ ಆನ್ ಮಾಡಿ ಲೋಡ್ ಮ್ಯಾಲೆ ಅರ್ಧ ತಾಸು ಬಿಟ್ಟೆ. ಬರೇ ಪಟ್ಟಿಗೆ ಗನ್ ಹಿಡಿದ್ರ 45. ಒಂದು ಇಂಚು ಪಕ್ಕಕ್ಕ ಸರಿಸಿ ಟೇಪಿಗೆ ಹಿಡಿದ್ರ 84. ಅದ ಪಟ್ಟಿ, ಅದ ಹೊತ್ತು, ಆದ್ರ ಟೇಪು ಕನ್ನಡಿ ಅಲ್ಲ, ತನ್ನ ಬಿಸಿ ತಾನ ಚೆಲ್ತೈತಿ. ಸಾವ್ಕಾರ್ರನ್ನ ಕರದು ತೋರಿಸಿದೆ, ಅವರು ಗನ್ ಇಸ್ಕೊಂಡು 45, 84, 45, 84 ಅಂತ ಐದಾರು ಸಲ ಆಡಿಸಿ, "ಹಂಗಾದ್ರ ಇಷ್ಟು ವರ್ಷ ನೀ ಬರದಿದ್ದೆಲ್ಲಾ?" ಅಂದ್ರು. ನಾನು ಸುಮ್ಮನ ಬೋಲ್ಟ್ ಟೈಟ್ ಮಾಡಾಕ ಹೋದೆ.

ತಗಡಿನ ಮನೀ ಯಾಕ ಬ್ಯಾಸಿಗಿಯಾಗ ಕುಲುಮಿ ಆಗ್ತೈತಿ ಅಂತನೂ ಇದರಿಂದ ತಿಳೀತು. ಜಿಂಕ್ ಹೊಳಪಿನ ತಗಡು ಬಿಸಿಲನ್ನ ಒಂದಷ್ಟು ನುಂಗ್ತೈತಿ, ಆದ್ರ ನುಂಗಿದ್ದನ್ನ ಉದ್ದನೆ ಅಲೆಯಾಗಿ ಮುಗಿಲಿಗೆ ವಾಪಸ್ ಕೊಡಾಕ ಅದಕ್ಕ ಬರಲ್ಲ, ಜಿಪುಣ. ಸುಣ್ಣ ಬಳಿದ ಮಾಳಿಗಿ ಬಿಸಿಲಿಗೆ ಬಿಳಿ, 9 ಮೈಕ್ರಾನಿಗೆ ಕರಿ, ಹಗಲು ತಗೊಳ್ಳೋದು ಕಮ್ಮಿ, ರಾತ್ರಿ ಚೆಲ್ಲೋದು ಜಾಸ್ತಿ. ಮಾರ್ಚ್ ಬಂತಂದ್ರ ನಮ್ಮವ್ವ ಮಾಳಿಗಿಗೆ ಸುಣ್ಣ ಬಳಿ ಅಂತ ಬೆನ್ನು ಹತ್ತೋದು ಸುಮ್ಮನ ಅಲ್ಲ, ಹೋದ ವರ್ಷ ಅರ್ಧಕ್ಕ ಬಳಿದು ಮಧ್ಯಾಹ್ನ ಗನ್ ಹಿಡಿದು ನೋಡೀನಿ, ಬಳಿಯದ ಅರ್ಧದಾಗ ಬರಿಗಾಲಾಗ ನಿಂದ್ರಾಕ ಆಗ್ತಿರಲಿಲ್ಲ.

ಮುಗಿಲು ಮೈನಸ್ 21 ಬಂದಿದ್ದೂ ಗಾಳಿಯಾಗಿನ ಅದ 8ರಿಂದ 14ರ ಕಿಟಕಿ ದಸಿಂದ. ಜನವರಿಯಾಗ ಗಾಳಿ ಒಣಾ ಇರ್ತೈತಿ, ಗನ್ನು ಕಿಟಕಿಯಿಂದ ಹಾದು ಭಾಳ ಮ್ಯಾಲಿನ ತಣ್ಣನೆ ಖಾಲಿ ಜಾಗ ನೋಡ್ತೈತಿ. ಮೇ ತಿಂಗಳದಾಗ ಮಾಡ ಕಟ್ಟಿದ ರಾತ್ರಿ ಹಿಡಿದ್ರ ಪ್ಲಸ್ 14 ಬಂತು, ಕಿಟಕಿಗೆ ಪರದೆ ಬಿದ್ದಿತ್ತು. ಅವತ್ತು ಹಾಸಿಗಿ ಹಾಸಿಕೊಂಡು ಬೀಸಣಿಕಿ ಬೀಸ್ಕೊಂತ ಕುಂತಿದ್ದ ಅವ್ವಗ ಹೇಳಿದ್ರ, "ಮಾಡ ಕಟ್ಟಿದ್ರ ಧಗಿ ಇರ್ತೈತಿ ಅಂತ ಹೇಳಾಕ ನಿನ್ನ ಗನ್ ಬೇಕೇನೋ, ಕಂಬಳಿ ಹೊದ್ದಂಗ ಆಗಿರ್ತೈತಿ" ಅಂದ್ಲು. ಒಂದೀಟು ಹೊತ್ತು ಬಿಟ್ಟು, "ಮತ್ತೊಮ್ಮೆ ನೋಡು, ಇಳಿದೈತೇನು?" ಅಂತ ಕೇಳಿದ್ಲು.

ಈಗ ನಮ್ಮ ಪ್ಯಾನಲ್ಲಿನಾಗ ಜಾಯಿಂಟ್ ಜಾಯಿಂಟಿಗೂ ಕರಿ ಟೇಪಿನ ತುಂಡು. ಹೋದ ವಾರ ಹೊಸಾ ಸೂಪರ್‌ವೈಸರ್ ಒಬ್ಬರು ಬಂದಾರ, ಭಾಳ ಶಿಸ್ತಿನ ಮನಷ್ಯಾ. ಶಟ್‌ಡೌನ್ ದಿನ ನಾನು ಇಲ್ಲದಾಗ ಪ್ಯಾನಲ್ ಕ್ಲೀನ್ ಮಾಡಿಸಿ, ಯಾರೋ ಕಸ ಅಂಟಿಸ್ಯಾರ ಅಂತ ಅಷ್ಟೂ ಟೇಪ್ ಕಿತ್ತಿಸಿ ಬಸ್‌ಬಾರಿಗೆ ಪಾಲಿಶ್ ಹೊಡಿಸ್ಯಾರ, ಈಗ ಅದು ಮೊದಲಿಗಿಂತ ಛಂದ ಹೊಳಿಯಾಕತ್ತೈತಿ. ಬೆಳಿಗ್ಗಿ ಮಾರ್ಕೆಟ್ಟಿನಾಗ ಎರಡು ರೋಲ್ ಟೇಪ್ ತಗೊಂಡು ಬಂದೀನಿ, ಅವರು ಊಟಕ್ಕ ಹೋಗಲಿ ಅಂತ ಕಾಯಾಕತ್ತೀನಿ.